ಪುಟ್ಟ ಸಾಧನದ ಗುಂಡಿಯನ್ನು ತಾನಾಗಿಯೇ ಒತ್ತಿಸಲು ಸೊಲೆನಾಯ್ಡ್ ಒಳ್ಳೆಯದೋ, ಸರ್ವೊ ಮೋಟರೋ?

ನಿಮ್ಮ ತಾಪಮಾಪಕ ಐದು ನಿಮಿಷಕ್ಕೊಮ್ಮೆ ತಾನಾಗಿಯೇ ಆರಿಹೋಗುತ್ತದೆ, ರಾತ್ರಿಯಿಡೀ ಅದನ್ನು ಎಚ್ಚರವಾಗಿಡಬೇಕು, ವಾರಂಟಿ ಇರುವುದರಿಂದ ಬಿಚ್ಚುವಂತಿಲ್ಲ ಎಂದು ಬರೆದಿದ್ದೀರಿ. ಕೇಳಿದ್ದು ಮೋಟರಿನ ಬಗ್ಗೆ: ವಿದ್ಯುತ್ ಹರಿದಾಗ ಕಬ್ಬಿಣದ ಸರಳನ್ನು ಎಳೆಯುವ ಸುರುಳಿಯಾದ ಸೊಲೆನಾಯ್ಡೋ, ಹೇಳಿದ ಕೋನಕ್ಕೆ ತೋಳನ್ನು ತಿರುಗಿಸಿ ನಿಲ್ಲಿಸುವ ಸರ್ವೊ ಮೋಟರೋ ಎಂದು. ಆದರೆ ನಾನು ಸೋತದ್ದು ಮೋಟರಿನಲ್ಲಲ್ಲ, ಚೌಕಟ್ಟಿನಲ್ಲಿ. ಹಾಗಾಗಿ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಇಂಥದ್ದೇ ಒಂದು ಅಳತೆಯ ಸಾಧನಕ್ಕೆ ನಾನು ಕಟ್ಟಿದ ಮೊದಲ ಯಂತ್ರ ಸಂಜೆಯವರೆಗೂ ಚೆನ್ನಾಗಿ ನಡೆಯಿತು. ಬೆಳಿಗ್ಗೆ ಎದ್ದು ನೋಡಿದರೆ ಸರ್ವೊದ ತೋಳು ಬಹಳ ಶ್ರದ್ಧೆಯಿಂದ ಗಾಳಿಯನ್ನು ಒತ್ತುತ್ತಿತ್ತು. ಪ್ರತಿ ಒತ್ತಿಗೂ ಸಾಧನ ಕೂದಲೆಳೆಯಷ್ಟು ಹಿಂದೆ ಜರುಗಿ, ರಾತ್ರಿ ಕಳೆಯುವಷ್ಟರಲ್ಲಿ ತೋಳಿಗೆ ಎಟುಕದಷ್ಟು ದೂರ ಹೋಗಿತ್ತು. ನಿಮ್ಮ ತಾಪಮಾಪಕವನ್ನು ಕೈಯಲ್ಲಿ ಹಿಡಿದು ಗುಂಡಿ ಒತ್ತಿ ನೋಡಿ. ಹೆಬ್ಬೆರಳು ಒತ್ತುತ್ತದೆ, ಉಳಿದ ನಾಲ್ಕು ಬೆರಳುಗಳು ಹಿಂದಿನಿಂದ ಅಷ್ಟೇ ಬಲದಲ್ಲಿ ತಡೆಯುತ್ತವೆ. ನಾನು ಹೆಬ್ಬೆರಳನ್ನು ಮಾತ್ರ ಕಟ್ಟಿದ್ದೆ!

ಆದ್ದರಿಂದ ಸಾಧನ ಮತ್ತು ಮೋಟರ್ ಎರಡೂ ಒಂದೇ ಗಟ್ಟಿ ಚೌಕಟ್ಟಿನಲ್ಲಿರಲಿ. ಪ್ಲೈವುಡ್ ತುಂಡುಗಳಿಂದ ಮಾಡಿದ, ಮೂರು ಬದಿ ಇರುವ ತೊಟ್ಟಿಯಂಥ ಆಕಾರ ಸಾಕು: ಒಂದು ಗೋಡೆಗೆ ಸಾಧನದ ಬೆನ್ನು ಅಂಟಿ ನಿಲ್ಲಬೇಕು, ಎದುರು ಗೋಡೆಗೆ ಮೋಟರನ್ನು ಸ್ಕ್ರೂ ಹಾಕಿ ಬಿಗಿಯಬೇಕು. ಎರಡು ಬದಿ ಅಂಟಿರುವ ಸ್ಪಂಜಿನ ಟೇಪು ನಂಬಬೇಡಿ. ಇಂಥ ಗುಂಡಿಗಳ ಒಳಗಿರುವ ಸ್ವಿಚ್ಚು ಸಾಮಾನ್ಯವಾಗಿ ಕಾಲು ಮಿಲಿಮೀಟರಿನಷ್ಟು ಮಾತ್ರ ಕೆಳಗಿಳಿಯುತ್ತದೆ. ಗುಂಡಿ ಇಳಿಯುವ ಮೊದಲೇ ಟೇಪು ಅದಕ್ಕಿಂತ ಹೆಚ್ಚು ಕುಗ್ಗಿರುತ್ತದೆ.

ಈ ಕಾಲು ಮಿಲಿಮೀಟರಿನಲ್ಲೇ ಇನ್ನೊಂದು ತೊಡಕೂ ಇದೆ. ಎಸ್‌ಜಿ90 ಎಂಬ 9 ಗ್ರಾಂ ತೂಕದ ಸಾಮಾನ್ಯ ಸರ್ವೊವನ್ನೇ ತೆಗೆದುಕೊಳ್ಳಿ. ಬಲಕ್ಕೆ ಕೊರತೆಯಿಲ್ಲ: 4.8 ವೋಲ್ಟಿನಲ್ಲಿ ಅದರ ಗರಿಷ್ಠ ತಿರುಚುಬಲ ಸುಮಾರು 1.8 ಕಿಲೋಗ್ರಾಂ-ಸೆಂಟಿಮೀಟರ್, ಅಂದರೆ ಒಂದೂವರೆ ಸೆಂಟಿಮೀಟರ್ ತೋಳಿನ ತುದಿಯಲ್ಲಿ 1.2 ಕಿಲೋ ತೂಕದಷ್ಟು. ಗುಂಡಿಗೆ ಬೇಕಾದದ್ದು 200 ಗ್ರಾಂ ಆಸುಪಾಸು. ಆದರೆ ಅದೇ ತೋಳಿನ ತುದಿಯಲ್ಲಿ ಒಂದು ಡಿಗ್ರಿ ಎಂದರೆ 0.26 ಮಿಲಿಮೀಟರ್. ಅಗ್ಗದ ಗೇರುಗಳ ಸಡಿಲಿಕೆಯೇ ಅಷ್ಟಿರುತ್ತದೆ. ಒಂದು ಡಿಗ್ರಿ ಕಡಿಮೆಯಾದರೆ ಗುಂಡಿ ಒತ್ತುವುದಿಲ್ಲ, ಹೆಚ್ಚಾದರೆ ಮೋಟರ್ ಗುರ್ರೆನ್ನುತ್ತಾ ಸ್ವಿಚ್ಚನ್ನು ಜಜ್ಜುತ್ತದೆ. ಕೋನವನ್ನು ತಿದ್ದುತ್ತಾ ಕೂತು ನಾನು ಒಂದು ಇಡೀ ಭಾನುವಾರ ಕಳೆದಿದ್ದೇನೆ.

ನಮ್ಮ ಬೆರಳ ತುದಿಯಲ್ಲಿ ಮಾಂಸವಿದೆಯಲ್ಲ, ತೋಳಿಗೂ ಅದನ್ನು ಕೊಡಿ. ತುದಿಯಲ್ಲಿ ಬಾಲ್‌ಪೆನ್ನಿನಲ್ಲಿರುವಂಥ ಒಂದು ಸಣ್ಣ ಸ್ಪ್ರಿಂಗ್ ಇಟ್ಟು, ಗುಂಡಿ ಮುಟ್ಟಿದ ಮೇಲೂ ತೋಳು ಎರಡು ಮಿಲಿಮೀಟರ್ ಮುಂದೆ ಹೋಗುವಂತೆ ಮಾಡಿ; ಹೆಚ್ಚುವರಿ ಚಲನೆಯನ್ನೆಲ್ಲ ಸ್ಪ್ರಿಂಗ್ ನುಂಗುತ್ತದೆ. ಎಷ್ಟು ಬಿಗಿಯ ಸ್ಪ್ರಿಂಗ್ ಬೇಕೆಂದು ತಿಳಿಯಲು ತಾಪಮಾಪಕವನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆ ಮಾಡಿ, ಪೆನ್ಸಿಲಿನಿಂದ ಗುಂಡಿಯನ್ನು ನಿಧಾನವಾಗಿ ಒತ್ತಿ. ಟಿಕ್ ಎನ್ನುವಾಗ ತಕ್ಕಡಿ ತೋರಿಸುವುದೇ ಬೇಕಾದ ಬಲ. ಎರಡು ಮಿಲಿಮೀಟರ್ ಕುಗ್ಗಿದಾಗ ಅದರ ಒಂದೂವರೆ ಪಟ್ಟು ಕೊಡುವ ಸ್ಪ್ರಿಂಗ್ ಹುಡುಕಿ.

ಸೊಲೆನಾಯ್ಡ್ ನನಗೆ ಹಿಡಿಸಲಿಲ್ಲ. ಅದರ ಸರಳು ದೂರವಿದ್ದಾಗ ಬಲ ತೀರಾ ಕಡಿಮೆ, ಹತ್ತಿರ ಬಂದಂತೆ ಏರುತ್ತಾ ಹೋಗಿ ಕೊನೆಗೆ ಸುತ್ತಿಗೆಯಂತೆ ಬಡಿಯುತ್ತದೆ; ವಿದ್ಯುತ್ತನ್ನು ಹಾಗೇ ಬಿಟ್ಟರೆ ಕಾದು ವಾಸನೆ ಬರುತ್ತದೆ. ಕೈಯಲ್ಲಿ ಈಗಾಗಲೇ ಇದ್ದರೆ ಅಂತರವನ್ನು ಆದಷ್ಟು ಕಡಿಮೆ ಇಟ್ಟು, ಸುರುಳಿಗೆ ಅಡ್ಡಲಾಗಿ ತಿರುವುಮುರುವಾಗಿ ಒಂದು ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ ಬಳಸಿ.

ಸರ್ವೊಗೆ ಆಜ್ಞೆ ಕೊಡುವ ಪುಟ್ಟ ನಿಯಂತ್ರಕ ಬೋರ್ಡು ಆರ್ಡುಯಿನೊ ಆಗಿದ್ದರೆ, ಅದರ 5 ವೋಲ್ಟ್ ಪಿನ್ನಿನಿಂದ ಸರ್ವೊಗೆ ವಿದ್ಯುತ್ ಕೊಡಬೇಡಿ. ಮೋಟರ್ ಹೊರಡುವಾಗ ನೂರಾರು ಮಿಲಿಆಂಪಿಯರ್ ಎಳೆಯುತ್ತದೆ, ಬೋರ್ಡು ಮರುಪ್ರಾರಂಭವಾಗುತ್ತದೆ, ಆಗ ಸರ್ವೊ ಜಗ್ಗಿ ಗುಂಡಿಯನ್ನು ಇನ್ನೊಮ್ಮೆ ಒತ್ತಿದರೂ ಒತ್ತೀತು. ಬೇರೆಯದೇ 5 ವೋಲ್ಟ್ ಅಡಾಪ್ಟರ್ ಇಡಿ, ಅಡಾಪ್ಟರ್ ಮತ್ತು ಬೋರ್ಡು ಎರಡರ ಗ್ರೌಂಡ್ (ಋಣ ತಂತಿ) ಜೋಡಿಸಿ. ಒತ್ತು 200 ಮಿಲಿಸೆಕೆಂಡ್ ಇರಲಿ. ತೋಳು ಹಿಂದಿರುಗಿದ ಮೇಲೆ ಬೋರ್ಡು ಸರ್ವೊಗೆ ಕಳಿಸುವ ಸಂಕೇತವನ್ನು ನಿಲ್ಲಿಸಿದರೆ ರಾತ್ರಿಯೆಲ್ಲ ಗುಂಯ್ ಎನ್ನುವುದು ತಪ್ಪುತ್ತದೆ.

ಯಾವ ಗುಂಡಿ ಎಂಬುದನ್ನೂ ಯೋಚಿಸಿ. ಪವರ್ ಗುಂಡಿ ಬೇಡ. ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟಿಗೆ ಬದಲಿಸುವುದೂ ಬೇಡ, ಬೆಳಿಗ್ಗೆ ಅಂಕಿಗಳನ್ನು ಬಿಡಿಸುತ್ತಾ ಕೂರಬೇಕಾಗುತ್ತದೆ. ಪರದೆಯ ಬೆಳಕಿನ ಗುಂಡಿಯಿಂದ ಸಾಧನ ಎಚ್ಚರವಾಗಿರುತ್ತದೆಯೇ ಎಂದು ಮೊದಲು ಕೈಯಿಂದಲೇ ಪರೀಕ್ಷಿಸಿ.

ನಾಲ್ಕು ನಿಮಿಷಕ್ಕೊಂದರಂತೆ ಹತ್ತು ಗಂಟೆಗೆ 150 ಒತ್ತುಗಳಾಗುತ್ತವೆ. ರಾತ್ರಿಗೆ ಬಿಡುವ ಮೊದಲು ಸಾಧನದ ಸುತ್ತ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಎರಡು ಸೆಕೆಂಡಿಗೊಂದರಂತೆ ಆ 150ನ್ನೂ ಎದುರಿಗೇ ಒತ್ತಿಸಿ. ಐದು ನಿಮಿಷದ ಕೆಲಸ. ಸಾಧನ ಗೆರೆ ಬಿಟ್ಟು ಸರಿದಿದ್ದರೆ ಮೋಟರನ್ನು ಮುಟ್ಟಬೇಡಿ, ಬೆನ್ನಿನ ಗೋಡೆಯನ್ನು ಬಿಗಿಮಾಡಿ.