ಡಿಬಿಎಸ್ ಆದ ಮೇಲೆ ನನ್ನ ನಿರ್ಧಾರ ನನ್ನದೇ ಆಗಿರುತ್ತಾ?

ಪಾರ್ಕಿನ್ಸನ್ಸ್ ಕಾಯಿಲೆಗೆ ಡಿಬಿಎಸ್ (ಡೀಪ್ ಬ್ರೇನ್ ಸ್ಟಿಮ್ಯುಲೇಷನ್) ಮಾಡಿಸಿ, ಅಂದರೆ ಮೆದುಳಿನೊಳಗೆ ಕರೆಂಟ್ ಕೊಡುವ ಎಲೆಕ್ಟ್ರೋಡ್ ಹಾಕಿಸಿಕೊಂಡರೆ ಆಮೇಲೆ ನಿರ್ಧಾರ ಮಾಡುವುದು ನಾನಾ, ಮೆಷಿನ್ನಾ ಅಂತ ಕೇಳಿದ್ದೀರಿ. ಆಪರೇಷನ್ನಿಗೆ ಮುಂಚೆ ನನಗೂ ಇದೇ ಯೋಚನೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು ಅಂತ ಗೊತ್ತಾಗುವಷ್ಟರಲ್ಲಿ ಮಗಳ ಓದಿಗೆ ಇಟ್ಟಿದ್ದ ದುಡ್ಡು ಕೈಬಿಟ್ಟಿತ್ತು.

ಮಾತ್ರೆಯ ಪ್ರಭಾವ ಇಳಿದರೆ ಸಾಕು, ನನಗೆ ಮೈಯೆಲ್ಲಾ ಬಿಗಿದುಕೊಳ್ಳುತ್ತಿತ್ತು. ಅಂಗಿಯ ಗುಂಡಿ ಹಾಕಲೂ ಹೆಂಡತಿ ಬೇಕು. ಡಿಬಿಎಸ್ ಹೊಸ ಪ್ರಯೋಗವೇನಲ್ಲ, 1987ರಲ್ಲೇ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಬೆನಾಬಿಡ್ ಅನ್ನುವವರು ನಡುಕಕ್ಕೆ ಇದನ್ನು ಶುರುಮಾಡಿದ್ದರು ಅಂತ ಓದಿ ಧೈರ್ಯ ತಂದುಕೊಂಡೆ. ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ಬ್ಯಾಟರಿ ಕೂರಿಸುತ್ತಾರೆ. ಅಲ್ಲಿಂದ ಕತ್ತಿನೊಳಗೆ ಹಾದು ತಂತಿ ತಲೆಗೆ ಹೋಗುತ್ತದೆ. ಸೆಕೆಂಡಿಗೆ ಸುಮಾರು 130 ಸಲ ಸಣ್ಣ ಕರೆಂಟ್. ಆನ್ ಮಾಡಿದ ದಿನ ಡಾಕ್ಟರ್ ನನ್ನ ಹೆಬ್ಬೆರಳು ತೋರುಬೆರಳು ತಟ್ಟಿಸುತ್ತಾ ಕರೆಂಟನ್ನು ಸ್ವಲ್ಪ ಸ್ವಲ್ಪವೇ ಏರಿಸಿದರು. ಅಂಟಿಕೊಂಡಂತಿದ್ದ ಬೆರಳುಗಳು ಇದ್ದಕ್ಕಿದ್ದ ಹಾಗೆ ಸಲೀಸಾದವು. ಗುಂಡಿ ಬಿಚ್ಚಿದೆ, ಹಾಕಿದೆ, ಮತ್ತೆ ಬಿಚ್ಚಿದೆ. ಅಲ್ಲೇ ಅತ್ತುಬಿಟ್ಟೆ.

ಈಗ ನನ್ನ ತಪ್ಪು. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಕರೆಂಟ್ ಹೊಂದಿಸಲು ಆಸ್ಪತ್ರೆಗೆ ಪದೇ ಪದೇ ಹೋಗಬೇಕು. ಮೊದಮೊದಲು ಹೆಂಡತಿ ಜೊತೆಗೆ ಬರುತ್ತಿದ್ದಳು. "ಕೈಕಾಲು ಸರಿಯಾಯ್ತಲ್ಲ, ಸುಮ್ನೆ ನೀನ್ಯಾಕೆ ರಜ ಹಾಕ್ತೀಯ" ಅಂತ ಅವಳನ್ನು ಬಿಟ್ಟು ಹೋಗತೊಡಗಿದೆ. ಡಾಕ್ಟರ್ ಕೈ ನೋಡುತ್ತಿದ್ದರು, ನಡೆಸಿ ನೋಡುತ್ತಿದ್ದರು, ಮನಸ್ಸು ಹೇಗಿದೆ ಅಂತಲೂ ಕೇಳುತ್ತಿದ್ದರು. "ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ ಸಾರ್" ಅನ್ನುತ್ತಿದ್ದೆ. ಸುಳ್ಳು ಹೇಳಿರಲಿಲ್ಲ, ನಿಜವಾಗಿಯೂ ಹಾಗೇ ಅನಿಸುತ್ತಿತ್ತು. ಅವಳು ಪಕ್ಕದಲ್ಲಿದ್ದಿದ್ದರೆ "ಇವರು ರಾತ್ರಿ ಮೂರು ಗಂಟೆಯಾದ್ರೂ ಮಲಗಲ್ಲ, ಸಿಕ್ಕಿದವರಿಗೆಲ್ಲ ಫೋನ್ ಮಾಡ್ತಾರೆ" ಅಂದಿರುತ್ತಿದ್ದಳು. ನನಗೆ ಅದು ಹೇಳುವಂಥ ವಿಷಯ ಅಂತಲೇ ಹೊಳೆಯಲಿಲ್ಲ. ನಿದ್ದೆ ಬೇಡ ಅನಿಸುವಷ್ಟು ಹುರುಪಿದೆ ಅಂತ ಯಾರಾದರೂ ಡಾಕ್ಟರ ಹತ್ತಿರ ದೂರುತ್ತಾರಾ? ಸಹಿ ಹಾಕಿದ ಕಾಗದದಲ್ಲಿ ಮನಸ್ಥಿತಿ ಬದಲಾಗಬಹುದು ಅಂತ ಬರೆದಿತ್ತು. ಓದಿದ್ದೆ ಕೂಡ. ಬೇಜಾರು, ಅಳು, ಅಂಥದ್ದೇನೋ ಅಂದುಕೊಂಡಿದ್ದೆ. ಖುಷಿಯೂ ಅಡ್ಡಪರಿಣಾಮ ಆಗಬಹುದು ಅಂತ ಯಾರಿಗೆ ಗೊತ್ತು! ಕರೆಂಟ್ ಸರಿಯಿದೆಯಾ ಅಂತ ಅವರು ಕೇಳುತ್ತಿದ್ದುದು ಆ ಕರೆಂಟ್ ಹರಿಯುತ್ತಿದ್ದ ಮೆದುಳನ್ನೇ ಅಲ್ವಾ? ಇನ್ನೂ ಸ್ವಲ್ಪ ಏರಿಸಿ ಅಂತ ನಾನೇ ಕೇಳಿದ್ದೂ ಉಂಟು.

ಅದೇ ಹುರುಪಿನಲ್ಲಿ, ಹೊಸದಾಗಿ ಪರಿಚಯವಾದವನೊಬ್ಬನ ವ್ಯಾಪಾರಕ್ಕೆ ದುಡ್ಡು ಹಾಕಿದೆ. "ರೀ, ನೀವು ಮೊದಲಿನ ಹಾಗಿಲ್ಲ" ಅಂದಳು. "ಈಗ್ಲೇ ಕಣೇ ನಾನು ನಾನಾಗಿರೋದು. ನಿನಗೆ ಕಾಯಿಲೆ ಗಂಡನೇ ಬೇಕಿತ್ತಾ?" ಅಂದುಬಿಟ್ಟೆ. ದುಡ್ಡು ವಾಪಸ್ ಬರಲಿಲ್ಲ. ನಾನು ಅಂದ ಆ ಮಾತನ್ನು ಅವಳು ಇವತ್ತಿಗೂ ಎತ್ತುತ್ತಾಳೆ.

ಕೊನೆಗೆ ಅವಳೇ ಡಾಕ್ಟರಿಗೆ ಫೋನ್ ಮಾಡಿದಳು. ನನಗೆ ಎಲೆಕ್ಟ್ರೋಡ್ ಕೂರಿಸಿರುವುದು ಮೆದುಳಿನ ಆಳದಲ್ಲಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅನ್ನುವ ಜಾಗದಲ್ಲಿ, ಅದು ತೀರಾ ಚಿಕ್ಕದು. ಚಲನೆಗೆ ಸಂಬಂಧಪಟ್ಟ ಭಾಗ, ಭಾವನೆಗೆ ಸಂಬಂಧಪಟ್ಟ ಭಾಗ ಎರಡೂ ಅಲ್ಲಿ ಒತ್ತೊತ್ತಾಗಿವೆ, ಹಾಗಾಗಿ ಒಂದಕ್ಕೆ ಅಂತ ಕೊಟ್ಟ ಕರೆಂಟ್ ಇನ್ನೊಂದಕ್ಕೂ ತಾಗಬಹುದು. ತಂತಿಯ ತುದಿಯಲ್ಲಿ ಕರೆಂಟ್ ಹೊರಡುವ ನಾಲ್ಕು ಜಾಗಗಳಿವೆ. ಕೆಳಗಿನದನ್ನು ಬಿಟ್ಟು ಮೇಲಿನದಕ್ಕೆ ಬದಲಿಸಿದರು, ಮಾತ್ರೆಯನ್ನೂ ಇಳಿಸಿದರು. ಕೆಲವು ವಾರಗಳಲ್ಲಿ ನಿದ್ದೆ ಬಂತು, ಜೊತೆಗೆ ನಾಚಿಕೆಯೂ ಬಂತು.

ನಿಮ್ಮ ಪ್ರಶ್ನೆಯ ಬುಡದಲ್ಲೇ ನನಗೆ ತಕರಾರಿದೆ. ಯಾರೂ ಮುಟ್ಟದ ಅಸಲಿ 'ನಾನು' ಒಬ್ಬನಿದ್ದಾನೆ, ಮೆಷಿನ್ ಬಂದು ಅವನನ್ನು ಆಚೆ ತಳ್ಳುತ್ತದೆ ಅನ್ನುವ ಹಾಗಿದೆ ಅದು. ಪಾರ್ಕಿನ್ಸನ್ಸ್ ಮೆದುಳಿನಲ್ಲಿ ಡೋಪಮೀನ್ ಅನ್ನುವ ರಾಸಾಯನಿಕವನ್ನು ಕಡಿಮೆ ಮಾಡಿ ಆಗಲೇ ಉತ್ಸಾಹ ಕಸಿದಿರುತ್ತದೆ. ಅದಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೇ ಜೂಜಿನ ಚಟ ಹತ್ತಿದವರಿದ್ದಾರೆ. ಮಾತ್ರೆ ನುಂಗುವಾಗ ಬಾರದ ಪ್ರಶ್ನೆ ತಂತಿ ಅಂದ ಕೂಡಲೇ ಯಾಕೆ ಬರುತ್ತದೋ! ದುಡ್ಡು ಹಾಕಿದ್ದು ನಾನೇ. ಮೆಷಿನ್ ಮೇಲೆ ಹೇರಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಆದರೆ ಆಗ ನನ್ನೊಬ್ಬನ ಮಾತು ನಂಬಬಾರದಿತ್ತು.

2004ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು 62 ವರ್ಷದ ರೋಗಿಯೊಬ್ಬರ ವಿಷಯ ಬರೆದಿದ್ದರು. ಕರೆಂಟ್ ಇದ್ದರೆ ಉನ್ಮಾದ, ಮೈತುಂಬಾ ಸಾಲ. ನಿಲ್ಲಿಸಿದರೆ ಬುದ್ಧಿ ಸ್ಥಿಮಿತಕ್ಕೆ ಬರುತ್ತದೆ, ಆದರೆ ಹಾಸಿಗೆ ಬಿಟ್ಟು ಏಳಲಾಗದು. ಕರೆಂಟ್ ನಿಲ್ಲಿಸಿಯೇ ಅವರನ್ನು ಕೇಳಿದರು. ಕರೆಂಟ್ ಇರಲಿ, ಬೇಕಾದರೆ ಮಾನಸಿಕ ಆಸ್ಪತ್ರೆಯಲ್ಲೇ ಇರುತ್ತೇನೆ ಅಂತ ಅವರು ಆರಿಸಿಕೊಂಡರು. ಸರಿಯೋ ತಪ್ಪೋ ಅಂತ ಜನ ಈಗಲೂ ಚರ್ಚೆ ಮಾಡುತ್ತಾರೆ. ಕೇಳಿದ ಹೊತ್ತು ಸರಿಯಾಗಿತ್ತು ಅನ್ನುವುದು ನನ್ನ ವಾದ.

ನಿಮಗೆ ಡಿಬಿಎಸ್ ಹೊಂದುತ್ತದಾ ಅಂತ ಡಾಕ್ಟರೇ ಹೇಳಬೇಕು. ನಾನಂತೂ ಮತ್ತೆ ಬೇಕಾದರೂ ಹಾಕಿಸಿಕೊಳ್ಳುತ್ತೇನೆ. ಆದರೆ ಆಪರೇಷನ್ನಿಗೆ ಮುಂಚೆಯೇ ಒಂದು ಕಾಗದ ಬರೆದು ಡಾಕ್ಟರಿಗೂ ಮನೆಯವರಿಗೂ ಕೊಡಿ. ನನಗೆ ಇದು ಬೇಕಾಗಿರುವುದು ಇಂಥದ್ದಕ್ಕೆ, ನಿದ್ದೆ ಬಿಟ್ಟರೆ ಅಥವಾ ಖರ್ಚು ಜಾಸ್ತಿಯಾದರೆ ನಾನು ಬೇಡ ಅಂದರೂ ಇವರು ನಿಮಗೆ ಹೇಳಬಹುದು, ಅವರು ಹೇಳಿದರೆ ಕರೆಂಟ್ ಇಳಿಸಿ ನನ್ನನ್ನು ಮತ್ತೆ ಕೇಳಿ ಅಂತ. ಮೊದಲ ವರ್ಷ ದೊಡ್ಡ ಮೊತ್ತಕ್ಕೆ ಇಬ್ಬರ ಸಹಿ ಬೇಕು ಅಂತ ಬ್ಯಾಂಕಿನಲ್ಲಿ ಮಾಡಿಸಿಡಿ. ಒಬ್ಬರೇ ಇದ್ದೀರಾದರೆ ಗೆಳೆಯರೊಬ್ಬರನ್ನು ಪ್ರತಿ ಸಲ ಒಳಗೆ ಕರೆದುಕೊಂಡು ಹೋಗಿ. ನಿಮಗೆ ಬೇಜಾರಾಗುತ್ತದೆ ಅಂತ ಸುಮ್ಮನಿರುವಂಥವರು ಮಾತ್ರ ಬೇಡ.