ಪ್ರತಿಕ್ರಿಯೆ: ಯಕ್ಷಗಾನ ತಂಡದ ವಿದೇಶ ಪ್ರವಾಸಕ್ಕೆ ಐಸಿಸಿಆರ್ ನೆರವು

ವಿದೇಶದ ಕನ್ನಡ ಸಂಘದ ಆಹ್ವಾನಪತ್ರ ಇದ್ದೂ ನಿಮ್ಮ ಬ್ರಹ್ಮಾವರದ ಯಕ್ಷಗಾನ ತಂಡದ ವಿಮಾನ ಖರ್ಚಿನ ಅರ್ಜಿ ವಾಪಸಾಗಿದೆಯೆಂದರೆ, ಬಹುಶಃ ತಂಡ ಐಸಿಸಿಆರ್ (ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು) ಕಲಾವಿದರ ಪಟ್ಟಿಯಲ್ಲಿಲ್ಲ. 1950ರಲ್ಲಿ ಶುರುವಾದ ಈ ಸಂಸ್ಥೆ ವಿದೇಶಾಂಗ ಸಚಿವಾಲಯದ ಅಡಿಯಲ್ಲಿದೆ. ಮೊದಲು ಪಟ್ಟಿಗೆ ಸೇರಲು ಅರ್ಜಿ ಹಾಕಿ.

ಆ ಅರ್ಜಿಯ ಜೊತೆ ಕೊಡುವ ಪ್ರದರ್ಶನದ ವಿಡಿಯೊ ಬಹಳ ಮುಖ್ಯ. ನಾವು ಮೊದಲು ಅಬ್ಬರದ ಕುಣಿತದ ತುಣುಕುಗಳನ್ನಷ್ಟೇ ಜೋಡಿಸಿ ತಪ್ಪು ಮಾಡಿದ್ದೆವು. ಆಮೇಲೆ ಒಡ್ಡೋಲಗ (ಪಾತ್ರಗಳ ಪ್ರವೇಶದ ಕುಣಿತ), ಒಂದು ಪದ್ಯದ ಅಭಿನಯ, ಸ್ವಲ್ಪ ಅರ್ಥಗಾರಿಕೆ (ಪಾತ್ರಧಾರಿಗಳ ಮಾತುಗಾರಿಕೆ), ಎಲ್ಲವನ್ನೂ ಕತ್ತರಿಸದೆ ಕೊಟ್ಟೆವು. ಹಾಡುವ ಭಾಗವತರ ದನಿ ಚೆಂಡೆಯ ಸದ್ದಿನಲ್ಲಿ ಮುಳುಗಬಾರದು. ನೋಡುವವರಿಗೆ ಕನ್ನಡ ಬಾರದಿರಬಹುದು, ಇಂಗ್ಲಿಷ್ ಅಡಿಬರಹ ಹಾಕಿ.

ನಂತರ ಕರೆದವರಿಂದಲೇ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಪತ್ರ ಬರೆಸಿ. ಕನ್ನಡ ಸಂಘದ ಆಟದ ಜೊತೆ ಅಲ್ಲಿಯ ಶಾಲೆ, ಕಾಲೇಜಿನಲ್ಲೊಂದು ಪ್ರಾತ್ಯಕ್ಷಿಕೆಯನ್ನೂ ಸೇರಿಸಿ. ನಮ್ಮವರಷ್ಟೇ ನೋಡಿದರೆ ಸಾಲದು.