ಅಲ್ಟ್ರಾಲೈಟ್ (ಪುಟ್ಟ ಹಗುರ ವಿಮಾನ) ಹೊರಗೇ ನಿಂತಿರುತ್ತದೆ, ರೆಕ್ಕೆ ಬಟ್ಟೆಗೆ ಯಾವ ಸ್ಪ್ರೇ ಹೊಡೆಯಬೇಕು?

ನೀವು ಸ್ಪ್ರೇ ಕೇಳಿದ್ದೀರಿ, ನಾನು ಹೊದಿಕೆಯ ಮಾತು ಎತ್ತುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಸ್ಪ್ರೇ ನಂಬಿ ಕೆಟ್ಟವನು ನಾನು.

ನನ್ನದು ಕೊಳವೆಗಳ ಮೇಲೆ ಚೀಲದ ಹಾಗೆ ಎಳೆದು ಕಟ್ಟುವ, ಹೊಲಿದ ಡ್ಯಾಕ್ರಾನ್ ಬಟ್ಟೆ. ತಪ್ಪದೆ ಸ್ಪ್ರೇ ಹೊಡೆಯುತ್ತಿದ್ದೆ, ಬಟ್ಟೆ ಹೊಸದರಂತೆ ಹೊಳೆಯುತ್ತಿತ್ತು. ಒಂದು ದಿನ ಸುಮ್ನೆ ರೆಕ್ಕೆಯ ಮೇಲಿನ ಹೊಲಿಗೆಯನ್ನು ಉಗುರಿನಿಂದ ಎಳೆದೆ. ದಾರ ಪಟ್ ಅಂತ ತುಂಡಾಯಿತು. ಅದೇ ರೆಕ್ಕೆಯ ಕೆಳಗಿನ ಹೊಲಿಗೆ ಎಷ್ಟು ಎಳೆದರೂ ಜಪ್ಪಯ್ಯ ಅನ್ನಲಿಲ್ಲ. ಆಗಲೇ ಅರ್ಥವಾದದ್ದು: ಹಾರಿದ ಗಂಟೆಗಳ ಲೆಕ್ಕ ಬಟ್ಟೆಗೆ ಬೇಕಿಲ್ಲ, ಬಿಸಿಲಲ್ಲಿ ನಿಂತ ಗಂಟೆಗಳೇ ಅದರ ವಯಸ್ಸು.

ಡ್ಯಾಕ್ರಾನ್ ಅಂದರೆ ಪಾಲಿಯೆಸ್ಟರ್. ಬಿಸಿಲಿನ ನೇರಳಾತೀತ (ಯುವಿ) ಕಿರಣ ಅದರ ಉದ್ದುದ್ದ ಅಣುಗಳ ಸರಪಳಿಯನ್ನು ಕಡಿಯುತ್ತಾ ಹೋಗುತ್ತದೆ. ತೂತು ಬೀಳುವುದಿಲ್ಲ, ಹರಿಯುವುದಿಲ್ಲ, ಒಳಗೊಳಗೇ ಲಡ್ಡಾಗುತ್ತದೆ. ಮೋಡವಿದ್ದರೂ ಈ ಕೆಲಸ ಪೂರ್ತಿ ನಿಲ್ಲುವುದಿಲ್ಲ. ದಾರ ಬಟ್ಟೆಯ ಮೇಲೆ ಎದ್ದು ಕೂತಿರುವುದರಿಂದ ಬಿಸಿಲನ್ನೂ ಉಜ್ಜುವಿಕೆಯನ್ನೂ ಮೊದಲು ತಿನ್ನುವುದು ಅದೇ.

ಹಾಗಾಗಿ ಮೊದಲ ಆಯ್ಕೆ ಶೆಡ್. ಅದಿಲ್ಲದಿದ್ದರೆ ರೆಕ್ಕೆ ಬಟ್ಟೆ ಬಿಚ್ಚಿ, ಒಣಗಿಸಿ ಒಳಗಿಡುವುದು. ಅದೂ ಆಗದಿದ್ದರೆ ಹೊದಿಕೆ. ಪ್ಲಾಸ್ಟಿಕ್ ಟಾರ್ಪಾಲ್ ಮಾತ್ರ ಬೇಡ. ಅದರಡಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ, ಆದರೆ ಬೆಳಕು ಬಿಡದ ದಪ್ಪ ಬಟ್ಟೆ ಇರಲಿ. ಬಿಗಿಯಾಗಿ ಕಟ್ಟಿ. ಸಡಿಲವಾಗಿ ಪಟಪಟ ಬಡಿಯುವ ಹೊದಿಕೆ, ಅಡಿಯಲ್ಲಿ ಧೂಳಿದ್ದರಂತೂ, ಮರಳು ಕಾಗದದ ಹಾಗೆ ರೆಕ್ಕೆಯನ್ನೇ ತಿಕ್ಕುತ್ತದೆ. ಹೊದಿಸುವ ಮೊದಲು ಧೂಳು ತೊಳೆಯಿರಿ. ಆಗಾಗ ಹೊದಿಕೆಯನ್ನೂ ಬೆಳಕಿಗೆ ಹಿಡಿದು ನೋಡಿ, ಅದೂ ಬಟ್ಟೆಯೇ ಅಲ್ವಾ!

ಇನ್ನು ಸ್ಪ್ರೇ. ಹೊಡೆಯಬಾರದು ಅನ್ನುತ್ತಿಲ್ಲ. ಡ್ಯಾಕ್ರಾನ್‌ಗೆ ಹೊಂದುತ್ತದೆ ಎಂದು ಬಟ್ಟೆ ತಯಾರಿಸಿದವರು ಒಪ್ಪಿದ ಯುವಿ ತಡೆಯನ್ನೇ ತನ್ನಿ. ತೊಳೆದು ಒಣಗಿಸಿದ ಬಟ್ಟೆಗೆ ನೆರಳಿನಲ್ಲಿ ಹಚ್ಚಿ. ಮಳೆ, ಉಜ್ಜುವಿಕೆಗೆ ಅದು ಸವೆಯುತ್ತದೆ, ಮತ್ತೆ ಮತ್ತೆ ಹಚ್ಚಬೇಕು. ಹೋದ ಬಲವನ್ನು ಅದು ವಾಪಸ್ ತರುವುದಿಲ್ಲ.

ನಿಮ್ಮದು ಅಂಟಿಸಿ, ಇಸ್ತ್ರಿಯ ಬಿಸಿಗೆ ಬಿಗಿ ಮಾಡಿ, ಬಣ್ಣ ಬಳಿದ ಬಟ್ಟೆಯಾದರೆ ಕತೆ ಬೇರೆ. ಅಲ್ಲಿ ಕಾಯುವುದು ಬಣ್ಣದಡಿಯ ಅಲ್ಯೂಮಿನಿಯಂ ಪುಡಿ ಬೆರೆತ ಬೆಳ್ಳಿ ಲೇಪ. ಕತ್ತಲಲ್ಲಿ ರೆಕ್ಕೆಯೊಳಗೆ ಬಿಸಿಯಾಗದ ದೀಪ ಹಿಡಿಯಿರಿ. ಹೊರಗೆ ಬೆಳಕು ಕಂಡರೆ ಲೇಪ ತೆಳುವಾಗಿದೆ. ಇದಕ್ಕೆ ಸಿಲಿಕೋನ್ ಪಾಲಿಶ್ ಹಚ್ಚಬೇಡಿ, ಮುಂದೆ ಬಣ್ಣ ಹಿಡಿಯದೆ ಗೋಳಾಡುತ್ತೀರಿ.

ಏನನ್ನೇ ಕೊಳ್ಳುವ ಮೊದಲು ಈಗಿನ ಬಲ ಪರೀಕ್ಷಿಸಿ. ಹೊಲಿದ ಬಟ್ಟೆಗೆ ಬೆಟ್ಸೋಮೀಟರ್ ಎಂಬ ಸಾಧನವಿದೆ. ಸಣ್ಣ ಸೂಜಿ ಚುಚ್ಚಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯುವುದು, ಅಷ್ಟೆ. ಎಷ್ಟು ಎಳೆತ ತಡೆಯಬೇಕು ಎಂಬುದು ನಿಮ್ಮ ವಿಮಾನದ ಕೈಪಿಡಿಯಲ್ಲಿ ಇರುವಂತೆ. ಮೇಲ್ಭಾಗದಲ್ಲೇ ಮಾಡಿ, ಹೊಲಿಗೆಯನ್ನೂ ಬಿಡಬೇಡಿ. ನೆರಳಲ್ಲಿರುವ ಕೆಳಭಾಗ ಸಾಮಾನ್ಯವಾಗಿ ಸುಲಭವಾಗಿ ಪಾಸಾಗುತ್ತದೆ!

ಬಟ್ಟೆ ಗಟ್ಟಿಯಿದ್ದು ದಾರ ಮಾತ್ರ ಹೋಗಿದ್ದರೆ, ಇದನ್ನು ಬಲ್ಲ ಹಾಯಿ ಹೊಲಿಯುವವರಿಂದ ಮರುಹೊಲಿಗೆ ಹಾಕಿಸಬಹುದು. ನನ್ನದರಲ್ಲಿ ಬಟ್ಟೆಯೂ ಫೇಲಾಯಿತು. ಹೊಸದು ಬರುವವರೆಗೆ ವಿಮಾನ ನೆಲ ಬಿಡಲಿಲ್ಲ.